ಅಮ್ಮನ ಮೊಣಗಂಟು ಸವೆತ: ನಿಮಗೆ ಯಾವ ಮದ್ದು ಆಗಿಬಂತು?

ಸುರತ್ಕಲ್‌ನಿಂದ: ಅಮ್ಮನಿಗೆ 71. ಬಿಪಿ ಮಾತ್ರೆ ಉಂಟು. ಎರಡೂ ಮೊಣಗಂಟು ಸವೆದಿದೆ. ಪ್ಯಾರಸಿಟಮಾಲ್, ನೋವಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್, ಗಂಟಿಗೆ ಒಳ್ಳೆಯದಂತ ಆನ್‌ಲೈನ್‌ನಲ್ಲಿ ತರಿಸಿದ ಗ್ಲೂಕೋಸಮೈನ್ ಎಲ್ಲ ನಡೆಯುತ್ತಿದೆ. ಯಾವುದು ಇಟ್ಟುಕೊಳ್ಳಬೇಕು, ಯಾವುದು ಬಿಡಬೇಕು? ಅನುಭವ ಇದ್ದವರು ಹೇಳಿ.

ಕದ್ರಿಯಿಂದ: ನಮ್ಮ ಅಪ್ಪನ ಕತೆ ಕೇಳಿ. ಚೀಟಿ ಇಲ್ಲದೆ ಮೆಡಿಕಲ್‌ನಿಂದ ಅಸೆಕ್ಲೋಫೆನಾಕ್ ಅಂತ ನೋವಿನ ಮಾತ್ರೆ ತಂದು ನುಂಗುತ್ತಿದ್ದರು. ಅದರಲ್ಲೇ ಪ್ಯಾರಸಿಟಮಾಲ್ ಸೇರಿತ್ತು. ಮೇಲಿಂದ ಜ್ವರದ ಮಾತ್ರೆ ಬೇರೆ, ಅದೂ ಪ್ಯಾರಸಿಟಮಾಲೇ! ಒಂದು ದಿನ ಮಲ ಟಾರಿನ ಹಾಗೆ ಕಪ್ಪು. ನೋವಿನ ಮಾತ್ರೆಯಿಂದ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗುತ್ತಿತ್ತು. ಎಂಡೋಸ್ಕೋಪಿ, ಎರಡು ಬಾಟಲಿ ರಕ್ತ, ರೂಮು ಸೇರಿ ಬಿಲ್ಲು 68,400. ಇನ್ಶೂರೆನ್ಸ್‌ನವರು ಗ್ಲೌಸ್, ಹತ್ತಿ, ಊಟ ಅಂತ 6,150 ಕತ್ತರಿಸಿದರು. ಹತ್ತಿಗೂ!

ಬ್ರಹ್ಮಾವರದಿಂದ: ಇದಕ್ಕೇ ನಾನು ಇಂಗ್ಲಿಷ್ ಮದ್ದು ಮನೆಯೊಳಗೆ ಬಿಡುವುದಿಲ್ಲ. ಅತ್ತೆಗೆ ಆಯುರ್ವೇದದ ಕೊಟ್ಟಂಚುಕ್ಕಾದಿ ತೈಲ ಬೆಚ್ಚಗೆ ಹಚ್ಚಿ, ನೆಕ್ಕಿ (ಲಕ್ಕಿ) ಸೊಪ್ಪಿನ ಶಾಖ ಕೊಡುತ್ತೇನೆ. ಈ ಸೋಣ ತಿಂಗಳ ಶನಿವಾರ ದೇವಸ್ಥಾನದ ಮೆಟ್ಟಿಲು ಹತ್ತಿದರು.

ಉಳ್ಳಾಲದಿಂದ: ಶಾಖಕ್ಕೆ ಹಾಯೆನಿಸುತ್ತದೆ, ಸವೆದದ್ದು ಮತ್ತೆ ಬೆಳೆಯುತ್ತದಾ? ನಮ್ಮ ಅಣ್ಣ ನಾಟಿ ಪುಡಿಗೆ ತಿಂಗಳಿಗೆ 1,800 ಸುರಿದ. ನೋವು ಮಾಯ. ಆಮೇಲೆ ಮುಖ ಊದಿತು, ಶುಗರ್ 340. ಪುಡಿಗೆ ಸ್ಟೀರಾಯ್ಡ್ ಬೆರೆಸಿರಬೇಕು ಅಂದರು ಡಾಕ್ಟ್ರು. ಅದನ್ನು ಪಟ್ಟನೆ ನಿಲ್ಲಿಸುವ ಹಾಗೂ ಇಲ್ಲ. ನಿಧಾನ ಇಳಿಸಬೇಕು.

ಬ್ರಹ್ಮಾವರದಿಂದ: ನಾನು ಹೇಳಿದ್ದು ಎಣ್ಣೆ ಮಾರಾಯ್ರೆ, ಪುಡಿ ಅಲ್ಲ. ಓದಿ, ಆಮೇಲೆ ಬೈಯಿರಿ.

ಮಣಿಪಾಲದಿಂದ: ಎಣ್ಣೆ, ಪುಡಿ ಎಲ್ಲ ಸುಮ್ನೆ. ನಾನು ಎರಡೂ ಕಾಲಿನ ಮೊಣಗಂಟು ಬದಲಿಸುವ ಆಪರೇಷನ್ ಮಾಡಿಸಿದೆ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೋಬಾಲ್ಟ್ ಕ್ರೋಮಿಯಂ ಲೋಹದ ಕೃತಕ ಮೊಣಗಂಟಿನ ಕೀಲಿಗೆ 54,720 ರೂಪಾಯಿ ಮಿತಿ ಹಾಕಿತಲ್ಲ, ಅದು ಬರೀ ಕೀಲಿನ ರೇಟು. ಜಿಎಸ್‌ಟಿ ಬೇರೆ. ಆಪರೇಷನ್ ಥಿಯೇಟರ್, ರೂಮು, ಸರ್ಜನ್ ಫೀಸು ಸೇರಿ ಒಂದು ಕಾಲಿಗೆ 2,35,000 ಆಯಿತು. ಫಿಸಿಯೋ ಮನೆಗೆ ಬಂದರೆ ಸಲಕ್ಕೆ 600. ಕೊಟ್ಟೆ. ಈಗ ಮಲ್ಪೆಯ ಮರಳಲ್ಲಿ ನಡೆಯುತ್ತೇನೆ.

ಕದ್ರಿಯಿಂದ: ದುಡ್ಡಿದ್ದವರಿಗೆ ಎಲ್ಲ ಸುಲಭ.

ಮಣಿಪಾಲದಿಂದ: ಎಫ್‌ಡಿ ಮುರಿದು ಕಟ್ಟಿದ್ದು ಸ್ವಾಮಿ. ನಿಮ್ಮ ಹತ್ತಿಯ ಲೆಕ್ಕ ನಾವು ಕೇಳಲಿಲ್ವಾ?

ಸುರತ್ಕಲ್‌ನಿಂದ: ಬಿಪಿ ಮಾತ್ರೆ ಜೊತೆ ನೋವಿನ ಮಾತ್ರೆ ಆಗುತ್ತದಾ? ಅದನ್ನು ಯಾರಾದರೂ ಹೇಳ್ತೀರಾ?

ಉಳ್ಳಾಲದಿಂದ: ಅಸೆಕ್ಲೋಫೆನಾಕ್ ತರದ್ದು ಬಿಪಿ ಏರಿಸಬಹುದು, ಕಿಡ್ನಿಗೂ ಪೆಟ್ಟು. ಡಾಕ್ಟ್ರನ್ನು ಕೇಳದೆ ಬೇಡ. ಹಚ್ಚುವ ಜೆಲ್ ರಕ್ತಕ್ಕೆ ಸೇರುವುದು ತುಂಬಾ ಕಡಿಮೆ. ಗ್ಲೂಕೋಸಮೈನ್‌ನಿಂದ ನಮ್ಮ ಅಮ್ಮನಿಗೆ ಏನೂ ಆಗಲಿಲ್ಲ, ಡಬ್ಬಿ ಮಾತ್ರ 900.

ಬ್ರಹ್ಮಾವರದಿಂದ: ಜೆಲ್ ಇಂಗ್ಲಿಷ್ ಮದ್ದಲ್ವಾ? 30 ಗ್ರಾಂ ಟ್ಯೂಬು ಎರಡು ಕಾಲಿಗೆ ಎಷ್ಟು ದಿನ ಬರುತ್ತದೆ, ಅದರ ಲೆಕ್ಕವನ್ನೂ ಕೊಡಿ ನೋಡುವ.