ಕನ್ನಡ ಹೆಸರಿನ ಕಡತಗಳು ಒಂದರ ಮೇಲೊಂದು ಬಿದ್ದು ಅಳಿಯುತ್ತಿವೆ

ಪ್ರಶ್ನೆ

ನಮ್ಮೂರಿನ ಗ್ರಂಥಾಲಯಕ್ಕೆ ಪೈಥಾನ್ ಭಾಷೆ ಮತ್ತು ಅದರಲ್ಲಿ ಜಾಲತಾಣ ಕಟ್ಟಲು ನೆರವಾಗುವ ಫ್ಲಾಸ್ಕ್ ಬಳಸಿ ಸಣ್ಣ ಜಾಲತಾಣ ಕಟ್ಟಿದ್ದೇನೆ. ಹಿರಿಯರು ಬರೆದಿಟ್ಟ ಹಾಡಿನ ಪುಸ್ತಕಗಳನ್ನು ಊರಿನವರೇ ಸ್ಕ್ಯಾನ್ ಮಾಡಿ ಏರಿಸುತ್ತಾರೆ. ಯಾರೂ ಕಡತದ ಹೆಸರಿನಲ್ಲಿ ‘../’ (ಮೇಲಿನ ಫೋಲ್ಡರಿಗೆ ಹೋಗು ಎಂಬ ಗುರುತು) ತೂರಿಸಿ ಬೇರೆ ಫೋಲ್ಡರಿಗೆ ಕೈ ಹಾಕಬಾರದೆಂದು, ಫ್ಲಾಸ್ಕ್ ಜೊತೆಗೆ ಬರುವ, ಕಡತದ ಹೆಸರನ್ನು ಶುದ್ಧ ಮಾಡುವ ಫಂಕ್ಷನ್ ‘ಸೆಕ್ಯೂರ್ ಫೈಲ್‌ನೇಮ್’ ಹಾಕಿದೆ. ನಿನ್ನೆ ನೋಡಿದರೆ ಹನ್ನೊಂದು ಪ್ರತಿಗಳಲ್ಲಿ ಒಂದೇ ಉಳಿದಿದೆ. ಅದರ ಹೆಸರು ಬರೀ ‘ಪಿಡಿಎಫ್’. ಅಜ್ಜಿಯ ಸೋಬಾನೆ ಪದಗಳನ್ನು ಏರಿಸಿದ ಹುಡುಗ ಅವು ಎಲ್ಲಿ ಎಂದು ಕೇಳುತ್ತಿದ್ದಾನೆ.

ಅಕ್ಷರ, ಅಂಕಿಗಳನ್ನು ಮಾತ್ರ ಉಳಿಸುವ ರೆಜೆಕ್ಸ್ (ಅಕ್ಷರಗಳ ಮಾದರಿ ಹುಡುಕುವ ಸೂತ್ರ) ಬರೆದು ನೋಡಿದೆ. ‘ಕೃಷ್ಣ’ ಹೋಗಿ ‘ಕಷಣ’ ಆಯಿತು. ನಮ್ಮ ಹೆಸರುಗಳನ್ನು ಕೆಡಿಸದೆ ಬಾಗಿಲು ಭದ್ರ ಮಾಡುವುದು ಹೇಗೆ?

ಉತ್ತರ 1

ಆ ಫಂಕ್ಷನ್ ಆಸ್ಕಿಯ (ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳ ಮೂಲ ಪಟ್ಟಿ) ಆಚೆಗಿನದನ್ನೆಲ್ಲ ಅಳಿಸುತ್ತದೆ, ಮೊದಲಿನ ಚುಕ್ಕಿಯನ್ನೂ ಕೀಳುತ್ತದೆ. ಉಳಿಯುವುದು ‘ಪಿಡಿಎಫ್’ ಮಾತ್ರ. ಹೀಗಾಗಿ ಎಲ್ಲವೂ ಒಂದೇ ಹೆಸರಿಗೆ ಬಂದು ಬಿದ್ದಿವೆ. ರೆಜೆಕ್ಸ್ ಕೂಡ ಗುಣಿತದ ಚಿಹ್ನೆ, ಅರ್ಧಾಕ್ಷರದ ‘್’ ಗುರುತುಗಳನ್ನು ಅಕ್ಷರವೆಂದು ಎಣಿಸುವುದಿಲ್ಲ.

ಜನ ಕೊಟ್ಟ ಹೆಸರನ್ನು ಡಿಸ್ಕಿಗೆ ಒಯ್ಯಲೇಬೇಡಿ ಸರ್. ಕಡತಕ್ಕೆ ನೀವೇ ಒಂದು ಯುಯುಐಡಿ (ಮರುಕಳಿಸದ ಉದ್ದನೆಯ ಗುರುತು ಸಂಖ್ಯೆ) ಕೊಡಿ, ಕನ್ನಡ ಹೆಸರು ಡೇಟಾಬೇಸಿನಲ್ಲಿರಲಿ. ಉದ್ದದ ತೊಂದರೆಯೂ ತಪ್ಪುತ್ತದೆ: ಎಕ್ಸ್‌ಟ್4 ಎಂಬ ಲಿನಕ್ಸ್ ಕಡತ ವ್ಯವಸ್ಥೆಯಲ್ಲಿ ಹೆಸರಿನ ಮಿತಿ 255 ಬೈಟ್, ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ‘ಸ್ತ್ರೀ’ ಒಂದೇ 18 ಬೈಟ್ ತಿನ್ನುತ್ತದೆ.

ಉತ್ತರ 2

ಫೋಲ್ಡರ್ ಹೆಸರನ್ನೂ ಬಳಕೆದಾರರಿಂದ ಪಡೆಯುತ್ತಿದ್ದರೆ ‘../’ ಅನ್ನು ಒಮ್ಮೆ ಅಳಿಸಿ ಸುಮ್ಮನಾಗಬೇಡಿ. ‘....//’ ಎಂದು ಕೊಟ್ಟರೆ ಅಳಿಸಿದ ಮೇಲೆ ಮತ್ತೆ ‘../’ ಹುಟ್ಟುತ್ತದೆ. ಪೈಥಾನಿನಲ್ಲಿ ಕಡತದ ದಾರಿ ನಿಭಾಯಿಸುವ ಪಾತ್‌ಲಿಬ್‌ನ ‘ರಿಸಾಲ್ವ್’ನಿಂದ ಪೂರ್ಣ ದಾರಿ ಪಡೆದು, ಅದು ನಿಮ್ಮ ಫೋಲ್ಡರಿನ ಒಳಗೇ ಇದೆಯೇ ಎಂದು ‘ಈಸ್ ರಿಲೇಟಿವ್ ಟು’ ಮೂಲಕ ನೋಡಿ, ಪೈಥಾನ್ 3.9ರಿಂದ ಅದು ಇದೆ. ಆರಂಭದ ಅಕ್ಷರಗಳನ್ನಷ್ಟೇ ಹೋಲಿಸಿದರೆ ‘/ಹಾಡು’ ಎಂಬಲ್ಲಿಗೆ ‘/ಹಾಡು2’ ಕೂಡ ನುಸುಳುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ವಂದನೆಗಳು. ಯುಯುಐಡಿಗೆ ಬದಲಾಯಿಸಿದೆ. ಹುಡುಕಾಟದಲ್ಲಿ ಇನ್ನೊಂದು ಸಿಕ್ಕಿತು: ‘ಸೋ’ದ ಓತ್ವವನ್ನು ಒಂದೇ ಚಿಹ್ನೆಯಾಗಿಯೂ ಮೂರು ತುಂಡುಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ. ಹೆಸರುಗಳನ್ನು ಎನ್‌ಎಫ್‌ಸಿ ರೂಪಕ್ಕೆ (ತುಂಡುಗಳನ್ನು ಒಂದೇ ಚಿಹ್ನೆಯಾಗಿ ಕೂಡಿಸುವ ಯೂನಿಕೋಡ್ ರೂಪ) ತಂದು ಉಳಿಸುತ್ತಿದ್ದೇನೆ. ಇಳಿಸಿಕೊಳ್ಳುವಾಗ ‘ಸೋಬಾನೆ ಪದಗಳು’ ಎಂದೇ ಬರುತ್ತದೆ.

ಅಜ್ಜಿಯ ಪುಸ್ತಕ ಮನೆಯಲ್ಲೇ ಇದೆಯಂತೆ. ಭಾನುವಾರ ನಾನೇ ಹೋಗಿ ಮತ್ತೆ ಸ್ಕ್ಯಾನ್ ಮಾಡುತ್ತೇನೆ.