'ಸಂಕಷ್ಟ', 'ಕಿರುಕುಳ', 'ದೌರ್ಜನ್ಯ': ಆಶ್ರಯ ಕೋರಿಕೆಯ ಸಂದರ್ಭದಲ್ಲಿ ಸರಿಯಾದ ಪದ ಯಾವುದು?

ನಿರಾಶ್ರಿತರ ಸ್ಥಾನಮಾನವನ್ನು ಕುರಿತ 1951ರ ಅಂತರರಾಷ್ಟ್ರೀಯ ಒಪ್ಪಂದದ ಮೊದಲ ವಿಧಿಯನ್ನು ಕನ್ನಡದಲ್ಲಿ ವಿವರಿಸುವಾಗ ಎದುರಾದ ಒಂದು ತೊಡಕನ್ನು ಬಲ್ಲವರ ಮುಂದಿಡುತ್ತಿದ್ದೇನೆ. ಜನಾಂಗ, ಧರ್ಮ, ರಾಷ್ಟ್ರೀಯತೆ, ನಿರ್ದಿಷ್ಟ ಸಾಮಾಜಿಕ ಗುಂಪಿನ ಸದಸ್ಯತ್ವ, ರಾಜಕೀಯ ಅಭಿಪ್ರಾಯ ಎಂಬ ಐದರಲ್ಲಿ ಒಂದು ಕಾರಣಕ್ಕಾಗಿ 'ಪರ್ಸಿಕ್ಯೂಷನ್'ಗೆ (persecution, ಅಂದರೆ ಯಾರೋ ಬೇಕೆಂದೇ ಕೊಡುವ ತೀವ್ರ ಕಾಟಕ್ಕೆ) ಗುರಿಯಾಗುವ ಸಕಾರಣವಾದ ಭಯ ಇದ್ದವರನ್ನು ಆ ವಿಧಿ ನಿರಾಶ್ರಿತರೆಂದು ಕರೆಯುತ್ತದೆ. ಕೇವಲ ಬಡತನದಿಂದ ದೇಶ ಬಿಟ್ಟವರು ಅದರೊಳಗೆ ಬರುವುದಿಲ್ಲ. ಆಶ್ರಯದ ಅರ್ಜಿಯನ್ನು ಒಪ್ಪುವುದೋ ತಿರಸ್ಕರಿಸುವುದೋ ಎಂಬುದು ಅನೇಕ ಸಲ ಈ ಗೆರೆಯ ಮೇಲೆಯೇ ನಿಂತಿರುತ್ತದೆ.

ಪತ್ರಿಕೆಗಳಲ್ಲಿ ಆ ಪದಕ್ಕೆ 'ಕಿರುಕುಳ' ಎಂಬ ರೂಪ ಹೆಚ್ಚಾಗಿ ಕಾಣುತ್ತದೆ. ಆದರೆ 'ಕಿರು' ಎಂಬುದು ಜೊತೆಗಿರುವುದರಿಂದಲೋ ಏನೋ, ಅದು ನನ್ನ ಕಿವಿಗೆ ಸಣ್ಣ ಮಟ್ಟದ ಕಾಟದಂತೆ ಕೇಳಿಸುತ್ತದೆ. ಜೀವವನ್ನೇ ಕೈಯಲ್ಲಿ ಹಿಡಿದು ಓಡಿಬಂದವರ ವಿಷಯದಲ್ಲಿ ಅದು ತೀರಾ ಹಗುರ. 'ದೌರ್ಜನ್ಯ' ಎಂದರೆ ತೂಕ ಬರುತ್ತದೆ, ಆದರೆ ಅದರೊಂದಿಗೆ ಹೊಡೆತ, ಬಡಿತ, ರಕ್ತದ ಚಿತ್ರವೂ ಬರುತ್ತದೆ. 'ಹಿಂಸೆ'ಗೂ ಇದೇ ಮಿತಿ.

ಮೈಮುಟ್ಟದೆಯೂ ಒಂದು ಸಮುದಾಯವನ್ನು ಇಲ್ಲವಾಗಿಸಬಹುದು ಎಂಬುದಕ್ಕೆ ಇತಿಹಾಸವೇ ಸಾಕ್ಷಿ. 1938ರ ನವೆಂಬರ್‌ನಲ್ಲಿ ನಾಜಿ ಸರ್ಕಾರ ಹೊರಡಿಸಿದ ಸುಗ್ರೀವಾಜ್ಞೆ, ಯಹೂದಿಗಳು ಚಿಲ್ಲರೆ ಅಂಗಡಿ ನಡೆಸುವುದನ್ನು ಮುಂದಿನ ಜನವರಿ 1ರಿಂದ ನಿಷೇಧಿಸಿತು. ಹೊರಗಿನಿಂದ ನೋಡಿದವರಿಗೆ ಅಲ್ಲಿ ಕಾಣುವುದು ಆದಾಯ ಕಳೆದುಕೊಂಡ ಒಬ್ಬ ವ್ಯಾಪಾರಿ ಮಾತ್ರ. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ 1979ರಲ್ಲಿ ಹೊರತಂದ ಕೈಪಿಡಿ ಈ ಸೂಕ್ಷ್ಮವನ್ನು ಗುರುತಿಸುತ್ತದೆ: ನಿರ್ದಿಷ್ಟ ಜನಾಂಗ ಅಥವಾ ಧರ್ಮದವರ ವ್ಯಾಪಾರದ ಹಕ್ಕನ್ನು ಕಸಿದುಕೊಂಡು, ಇಲ್ಲವೇ ಅವರ ಮೇಲೆ ಮಾತ್ರ ವಿಪರೀತ ತೆರಿಗೆ ಹೇರಿ ಅವರ ಜೀವನಾಧಾರವನ್ನೇ ನಾಶಮಾಡಿದರೆ, ದೇಶ ಬಿಟ್ಟ ಅವರು ಸಂದರ್ಭಕ್ಕೆ ಅನುಗುಣವಾಗಿ ನಿರಾಶ್ರಿತರಾಗಬಹುದು.

ಇಲ್ಲಿ ನಮ್ಮ ಕ್ರಿಯಾಪದಗಳೇ ದಾರಿ ತೋರುತ್ತವೆ ಎಂದು ನನಗೆ ಅನ್ನಿಸುತ್ತದೆ. ಸಂಕಷ್ಟ 'ಬರುತ್ತದೆ', 'ಒದಗುತ್ತದೆ'. ಕಿರುಕುಳವನ್ನು ಯಾರೋ 'ಕೊಡುತ್ತಾರೆ'. ಮಳೆ ಕೈಕೊಟ್ಟು ಬೆಳೆ ಒಣಗಿದ್ದು ಮೊದಲನೆಯದು. ನೀರಿದ್ದೂ ಒಂದು ಪಂಗಡದ ಹೊಲಕ್ಕೆ ಬಿಡದಿರುವುದು ಎರಡನೆಯದು. ಹಸಿವು ಒಂದೇ, ಹಿಂದಿರುವ ಕೈ ಮಾತ್ರ ಬೇರೆ. ಎರಡನೆಯದನ್ನೂ 'ಆರ್ಥಿಕ ಸಂಕಷ್ಟ' ಎಂದು ಬರೆದುಬಿಟ್ಟರೆ ಆ ಕೈಯನ್ನು ನಾವೇ ಅಳಿಸಿಹಾಕಿದಂತಾಗುತ್ತದೆ, ಮತ್ತು ಭಾಷಾಂತರಕಾರನೊಬ್ಬನ ಅಜಾಗರೂಕತೆಯಿಂದ ಅರ್ಜಿದಾರನ ಹೇಳಿಕೆಯ ತಿರುಳೇ ಕಳೆದುಹೋಗುತ್ತದೆ. 'ಬೆನ್ನ ಮೇಲೆ ಹೊಡೆದರೂ ಹೊಟ್ಟೆಯ ಮೇಲೆ ಹೊಡೆಯಬೇಡ' ಎಂಬ ಆಡುಮಾತಿನಲ್ಲಿ ಕಾನೂನಿನ ಆ ಕೈಪಿಡಿ ಹೇಳುವ ಮಾತು ಆಗಲೇ ಅಡಗಿದೆ: ಅನ್ನ ಕಿತ್ತುಕೊಳ್ಳುವುದೂ ಹೊಡೆತವೇ.

ಸದ್ಯಕ್ಕೆ ನಾನು 'ಪೀಡನೆ' ಎಂಬುದನ್ನು ಆರಿಸಿಕೊಂಡಿದ್ದೇನೆ. ಪೀಡಿಸುವವನು ಇದ್ದೇ ಇರಬೇಕೆಂಬ ಅರ್ಥ ಅದರಲ್ಲಿದೆ, ದೇಹಕ್ಕಷ್ಟೇ ಅದು ಸೀಮಿತವೂ ಅಲ್ಲ. ಆದರೆ 'ಬರಪೀಡಿತ', 'ರೋಗಪೀಡಿತ' ಎಂಬ ಬಳಕೆಗಳು ರೂಢಿಯಲ್ಲಿರುವುದರಿಂದ 'ಪೀಡಿತ' ಎಂದೊಡನೆ ಕರ್ತೃ ಮತ್ತೆ ಮರೆಯಾಗುತ್ತಾನೆ. 'ದಮನ' ಎಂದರೆ ಪ್ರಭುತ್ವದ ಕೈ ಸ್ಪಷ್ಟವಾಗುತ್ತದೆ, ಆದರೆ ಸರ್ಕಾರ ತಡೆಯದೆ ಬಿಟ್ಟ ಖಾಸಗಿ ಗುಂಪುಗಳ ಕೃತ್ಯ ಅದರೊಳಗೆ ಸಲೀಸಾಗಿ ಸೇರುವುದಿಲ್ಲ. ಮಾಡುವವನನ್ನೂ ಅವನ ದ್ವೇಷದ ಕಾರಣವನ್ನೂ ಒಟ್ಟಿಗೆ ಸೂಚಿಸುವ, ಅನ್ನದ ಮೇಲಿನ ಹೊಡೆತಕ್ಕೂ ಸಲ್ಲುವ ಪದ ಹಳೆಯ ಬಳಕೆಯಲ್ಲಾಗಲಿ ಆಡುನುಡಿಯಲ್ಲಾಗಲಿ ಇದ್ದರೆ ದಯವಿಟ್ಟು ತಿಳಿಸಿ.