ಜಿಎ4 (ಗೂಗಲ್ ಅನಲಿಟಿಕ್ಸ್ 4, ಸೈಟಿಗೆ ಯಾರು ಎಲ್ಲಿಂದ ಬಂದ್ರು ಅಂತ ತೋರ್ಸೋ ಟೂಲ್) ಬಿಟ್ಟು ಬೇರೆ ಅನಲಿಟಿಕ್ಸ್‌ಗೆ ಹೋಗೋಣೇನ್ರಿ? ಯಾವ ಜಾಹೀರಾತಿಂದ ಆರ್ಡರ್ ಬಂತು ತಿಳೀವಲ್ದು

ಖಡಕ್_ರೊಟ್ಟಿ:
ಎಲ್ಲಾರ್ಗೂ ನಮಸ್ಕಾರ್ರೀ. ಬಾಗಲಕೋಟಿ ಕಡೆಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಆನ್‌ಲೈನ್ ಮಾರ್ತೀವ್ರಿ, ಇನ್‌ಸ್ಟಾದಾಗ ಜಾಹೀರಾತು ಹಾಕ್ತೀವಿ, ವಾಟ್ಸಾಪ್ ಬ್ರಾಡ್‌ಕಾಸ್ಟ್ ಕಳಸ್ತೀವಿ, ಸ್ವಲ್ಪ ಗೂಗಲ್ ಆಡ್ಸೂ ಐತಿ. ಹಳೇ ಯೂನಿವರ್ಸಲ್ ಅನಲಿಟಿಕ್ಸ್ ಇದ್ದಾಗ ಒಂದು ಟೇಬಲ್ ನೋಡಿದ್ರ ಸಾಕಿತ್ತು, ಅದು 2023ರ ಜುಲೈ 1ಕ್ಕ ಬಂದ್ ಆತು, ಆವಾಗಿಂದ ಜಿಎ4. ಈಗ ರಿಪೋರ್ಟ್ ತಗದ್ರ ಅರ್ಧಕ್ಕರ್ಧ ಡೈರೆಕ್ಟ್ (ಎಲ್ಲಿಂದ ಬಂದ್ರು ಗೊತ್ತಿಲ್ಲ) ಅಂತ ಬರತೈತಿ, ಉಳಿದಿದ್ದ್ರಾಗ ಒಂದಿಷ್ಟು ಆರ್ಡರ್ ನಮ್ಮ ಪೇಮೆಂಟ್ ಗೇಟ್‌ವೇ (ಆನ್‌ಲೈನ್ ರೊಕ್ಕ ತಗೊಳ್ಳೋ ಸೇವಾ) ಹೆಸರಿನ್ಯಾಗ ರೆಫರಲ್ (ಬ್ಯಾರೆ ಸೈಟಿಂದ ಬಂದದ್ದು) ಅಂತ ಕುಂತಾವು, ಸೈಟಿನ ಬ್ಯಾಕೆಂಡ್‌ನಾಗ ಇರೋ ಆರ್ಡರಿಗೂ ಇದಕ್ಕೂ ತಾಳೆನ ಆಗಂಗಿಲ್ಲ. ದೀಪಾವಳಿ ಮುಂದ ಜಾಹೀರಾತಿಗೆ ರೊಕ್ಕ ಎಲ್ಲಿ ಹಾಕಬೇಕು ಅಂತ ನಿರ್ಧಾರ ಮಾಡಬೇಕು, ಪ್ಲಾಸಿಬಲ್ ಇಲ್ಲಾ ಮಟೊಮೊ ಅನ್ನೋ ಬ್ಯಾರೆ ಟೂಲಿಗೆ ಹೋಗ್ರಿ ಅಂತ ಒಬ್ರು ಹೇಳಿದ್ರು. ಹೋದವ್ರು ಯಾರರ ಇದ್ರ ಹೇಳ್ರಿ.

ಟ್ಯಾಗ್_ಮಾಡೋನು:
ಸರ್, ಬದಲಾಯಿಸೋದು ಆಮೇಲೆ ಇರ್ಲಿ, ನೀವು ಹೇಳಿದ ಮೂರೂ ತೊಂದ್ರೆ ಯಾವ ಟೂಲ್ ಹಾಕಿದ್ರೂ ಹಿಂದೇನೇ ಬರುತ್ತೆ.

ಗೇಟ್‌ವೇದು ಸುಲಭ. ಗಿರಾಕಿ ದುಡ್ಡು ಕಟ್ಟೋಕೆ ಅವರ ಪೇಜಿಗೆ ಹೋಗಿ ವಾಪಸ್ ಬರ್ತಾರಲ್ಲ, ಅಲ್ಲಿಂದಾನೇ ಬಂದ್ರು ಅಂತ ಲೆಕ್ಕ ಆಗಿ ಇನ್‌ಸ್ಟಾಗೆ ಸಿಗಬೇಕಾದ ಕ್ರೆಡಿಟ್ ಗೇಟ್‌ವೇಗೆ ಹೋಗುತ್ತೆ. ಅಡ್ಮಿನ್‌ನಲ್ಲಿ ಡೇಟಾ ಸ್ಟ್ರೀಮ್ಸ್, ನಿಮ್ಮ ಸೈಟು, ಕಾನ್ಫಿಗರ್ ಟ್ಯಾಗ್ ಸೆಟ್ಟಿಂಗ್ಸ್, ಅದ್ರಲ್ಲಿ ಲಿಸ್ಟ್ ಅನ್‌ವಾಂಟೆಡ್ ರೆಫರಲ್ಸ್, ಅಲ್ಲಿ ಗೇಟ್‌ವೇ ಡೊಮೇನ್ ಹಾಕಿ.

ಡೈರೆಕ್ಟ್ ಜಾಸ್ತಿ ಬರೋಕೆ ಮುಖ್ಯ ಕಾರಣ ವಾಟ್ಸಾಪ್ ಇರಬೇಕು. ಅದರೊಳಗಿಂದ ಲಿಂಕ್ ಒತ್ತಿದ್ರೆ ಎಲ್ಲಿಂದ ಬಂದ್ರು ಅನ್ನೋ ಮಾಹಿತಿ ಬ್ರೌಸರಿಗೆ ಸಿಗೋದೇ ಇಲ್ಲ. ಬ್ರಾಡ್‌ಕಾಸ್ಟ್ ಲಿಂಕಿಗೆ ಯೂಟಿಎಂ (ಎಲ್ಲಿಂದ ಬಂದ್ರು ಅಂತ ಹೇಳೋಕೆ ಲಿಂಕಿನ ಕೊನೇಲಿ ಸೇರಿಸೋ ಗುರುತು) ಹಾಕಲೇಬೇಕು, ಎಲ್ಲಾ ಸ್ಮಾಲ್ ಲೆಟರ್‌ನಲ್ಲೇ, ಒಂದ್ಸಲ ಕ್ಯಾಪಿಟಲ್ ಒಂದ್ಸಲ ಸ್ಮಾಲ್ ಹಾಕಿದ್ರೆ ಎರಡು ಬೇರೆ ಬೇರೆ ಸಾಲಾಗಿ ಒಡೆದು ಬರುತ್ತೆ. ನಿಮ್ಮ ಸೈಟಿನೊಳಗಿನ ಬ್ಯಾನರ್‌ಗಳಿಗೆ ಮಾತ್ರ ಯೂಟಿಎಂ ಬೇಡ.

ಇನ್ನು ಆರ್ಡರ್ ತಾಳೆ ಆಗದೇ ಇರೋದು, ಇದು ನಮ್ಮ ಕಡೆ ಯುಪಿಐನಿಂದ ಆಗೋದು ಜಾಸ್ತಿ. ಮೊಬೈಲಲ್ಲಿ ಪೇ ಒತ್ತಿದ ತಕ್ಷಣ ಯುಪಿಐ ಆ್ಯಪ್ ತೆರ್ಕೊಳ್ಳುತ್ತೆ, ಪಿನ್ ಹಾಕ್ತಾರೆ, ದುಡ್ಡು ಹೋಯ್ತು ಅಂತ ಬಂದ್ಮೇಲೆ ಅಲ್ಲಿಂದಾನೇ ಫೋನ್ ಜೇಬಿಗೆ ಹಾಕ್ಕೊಂಡು ಹೋಗ್ಬಿಡ್ತಾರೆ, ಬ್ರೌಸರಿಗೆ ವಾಪಸ್ ಬರಲ್ಲ, ಥ್ಯಾಂಕ್ಯೂ ಪೇಜ್ ತೆರೆಯೋದೇ ಇಲ್ಲ ಅಂದ್ಮೇಲೆ ಪರ್ಚೇಸ್ ಇವೆಂಟ್ (ಆರ್ಡರ್ ಆಯ್ತು ಅಂತ ಜಿಎ4ಗೆ ಹೋಗೋ ಸುದ್ದಿ) ಎಲ್ಲಿಂದ ಹೋಗುತ್ತೆ? ಪೇಮೆಂಟ್ ಆದಾಗ ಗೇಟ್‌ವೇ ನಿಮ್ಮ ಸರ್ವರಿಗೆ ವೆಬ್‌ಹುಕ್ ಕಳಿಸುತ್ತಲ್ಲ, ಅಂದ್ರೆ ದುಡ್ಡು ಬಂತು ಅನ್ನೋ ತಾನಾಗೇ ಬರೋ ಸಂದೇಶ, ಅದನ್ನ ಹಿಡಿದು ಮೆಷರ್‌ಮೆಂಟ್ ಪ್ರೊಟೊಕಾಲ್‌ನಿಂದ (ಸರ್ವರಿಂದಾನೇ ಡೇಟಾ ಕಳಿಸೋ ದಾರಿ) ಜಿಎ4ಗೆ ಪರ್ಚೇಸ್ ಕಳಿಸಿ. ಆರ್ಡರ್ ಹಾಕೋವಾಗಲೇ ಕ್ಲೈಂಟ್ ಐಡಿ (ಆ ಬ್ರೌಸರಿನ ಗುರುತು), ಸೆಷನ್ ಐಡಿ (ಆ ಭೇಟಿಯ ಗುರುತು) ಎರಡೂ ಉಳಿಸ್ಕೊಂಡಿರಬೇಕು, ಇಲ್ಲಾಂದ್ರೆ ಆರ್ಡರ್ ಬರುತ್ತೆ, ಯಾವ ಜಾಹೀರಾತಿಂದು ಅನ್ನೋದು ಬರಲ್ಲ. ಟ್ರಾನ್ಸಾಕ್ಷನ್ ಐಡಿ (ಆರ್ಡರ್ ನಂಬರು) ಬ್ರೌಸರಿಂದ ಹೋಗೋದ್ರಲ್ಲೂ ಸರ್ವರಿಂದ ಹೋಗೋದ್ರಲ್ಲೂ ಒಂದೇ ಇರ್ಲಿ.

ಮಲೆನಾಡ್_ಡೇಟಾ:
ನಾನು ಪ್ಲಾಸಿಬಲ್ಲು ಮಟೊಮೊ ಎರಡೂ ಬಳಸ್ತಿದೀನಿ. ಪ್ಲಾಸಿಬಲ್ ನನಗೆ ತುಂಬಾ ಇಷ್ಟ, ಕುಕೀ ಇಲ್ಲ, ಸ್ಕ್ರಿಪ್ಟ್ ಹಗುರ, ಒಂದೇ ಪುಟದಲ್ಲಿ ಎಲ್ಲಾ ಕಾಣುತ್ತೆ, ಬ್ಲಾಗು ನ್ಯೂಸ್ ಸೈಟಿಗೆ ಅದಕ್ಕಿಂತ ಒಳ್ಳೇದು ಬೇಡ. ಆದ್ರೆ ನಿಮ್ಮಂಥ ಅಂಗಡಿಗೆ ಒಂದು ವಿಷಯ ನೋಡಬೇಕು. ಅದು ವಿಸಿಟರ್‌ನ ಗುರುತಿಸೋ ಕೀಲಿಯನ್ನ ದಿನಾ ಬದಲಾಯಿಸುತ್ತೆ, ಹಾಗಾಗಿ ಸೋಮವಾರ ಇನ್‌ಸ್ಟಾ ಜಾಹೀರಾತು ನೋಡಿ ಬಂದೋರು ಗುರುವಾರ ಸುಮ್ನೆ ಸೈಟ್ ಹೆಸರು ಟೈಪ್ ಮಾಡಿ ರೊಟ್ಟಿ ತಗೊಂಡ್ರೆ ಇವರು ಬೇರೆ ವ್ಯಕ್ತಿ ಅಂತಾನೇ ಲೆಕ್ಕ, ಇನ್‌ಸ್ಟಾಗೆ ಕ್ರೆಡಿಟ್ ಸಿಗಲ್ಲ. ಪ್ರೈವೆಸಿಗೆ ಅದೇ ಸರಿ, ಜಾಹೀರಾತು ಬಜೆಟ್ ಹಂಚೋಕೆ ಕಷ್ಟ. ಮಟೊಮೊನ ನಿಮ್ಮ ಸರ್ವರಲ್ಲೇ ಹಾಕ್ಕೊಂಡ್ರೆ ಡೇಟಾ ಅಲ್ಲೇ ಇರುತ್ತೆ, ದಿನ ದಾಟಿದ್ರೂ ಗುರುತು ಸಿಗುತ್ತೆ, ಆದ್ರೆ ಅದು ಓಡೋಕೆ ಬೇಕಾದ ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಡೇಟಾಬೇಸ್ ನೋಡ್ಕೊಳ್ಳೋರು ಒಬ್ರು ಬೇಕು.

ಯಾವುದಕ್ಕೆ ಹೋದ್ರೂ ಹಳೇದನ್ನ ತಕ್ಷಣ ತೆಗೀಬೇಡಿ, ಎರಡನ್ನೂ ಜೊತೆಗೇ ಓಡಿಸಿ. ಸಂಖ್ಯೆ ಒಂದಕ್ಕೊಂದು ಹೊಂದಲ್ಲ, ಹೊಂದಬೇಕು ಅಂತ ನಿರೀಕ್ಷೆನೂ ಇಟ್ಕೋಬೇಡಿ. ಬೌನ್ಸ್ ರೇಟ್‌ನೇ ನೋಡಿ, ಹಳೇ ಯೂನಿವರ್ಸಲ್‌ನಲ್ಲಿ ಒಂದೇ ಪೇಜ್ ನೋಡಿ ಬೇರೇನೂ ಮಾಡದೆ ಹೋದ್ರೆ ಬೌನ್ಸ್, ಜಿಎ4ರಲ್ಲಿ ಅದೇ ಪೇಜಲ್ಲಿ 10 ಸೆಕೆಂಡ್ ಇದ್ರೆ ಬೌನ್ಸ್ ಅಲ್ಲ.

ಖಡಕ್_ರೊಟ್ಟಿ:
ಭಾಳ ಉಪಕಾರ ಆತ್ರಿ ಇಬ್ರಿಗೂ. ಯುಪಿಐ ವಿಚಾರ ಯಾರೂ ಹೇಳಿದ್ದಿಲ್ರಿ, ನಮ್ಮಲ್ಲಿ ಹೆಚ್ಚಿನ ಆರ್ಡರ್ ಎಲ್ಲಾ ಅದರಾಗ ಬರ್ತಾವು. ಸದ್ಯ ಜಿಎ4ನ ರಿಪೇರಿ ಮಾಡ್ತೀವಿ. ಹೋದ ದೀಪಾವಳಿ ಜೋಡಿ ಹೋಲಿಸಿ ನೋಡಬೇಕಂತ ಎಕ್ಸ್‌ಪ್ಲೊರೇಷನ್ (ಜಿಎ4ನ್ಯಾಗ ನಾವ ಮಾಡ್ಕೊಳ್ಳೋ ರಿಪೋರ್ಟ್) ತಗದ್ರ ಹಿಂದಿನ ಎರಡೇ ತಿಂಗಳದ್ದು ಬರಾಕತ್ತೈತಿ, ಅದೇನ್ರಿ? ಮತ್ತ ಕ್ಯಾಶ್ ಆನ್ ಡೆಲಿವರಿ ವಾಪಸ್ ಬಂದಿದ್ದೂ ಮಾರಾಟದಾಗ ಸೇರಿಬಿಟ್ಟೈತಿ.

ಟ್ಯಾಗ್_ಮಾಡೋನು:
ಡೇಟಾ ರಿಟೆನ್ಷನ್ (ಡೇಟಾ ಎಷ್ಟು ದಿನ ಇಟ್ಕೋಬೇಕು ಅನ್ನೋ ಸೆಟ್ಟಿಂಗ್) ಡೀಫಾಲ್ಟ್ ಆಗಿ 2 ತಿಂಗಳಿಗೇ ಇರುತ್ತೆ ಸರ್, ಅಡ್ಮಿನ್‌ಗೆ ಹೋಗಿ ಇವತ್ತೇ 14 ತಿಂಗಳು ಮಾಡಿ. ಅಳಿಸಿ ಹೋಗಿದ್ದು ವಾಪಸ್ ಬರಲ್ಲ, ಈ ದೀಪಾವಳಿದು ಮುಂದಿನ ವರ್ಷಕ್ಕೆ ಉಳಿಯುತ್ತೆ. ಹೋದ ವರ್ಷದ್ದು ಈಗ ಬೇಕಂದ್ರೆ ಮಾಮೂಲಿ ರಿಪೋರ್ಟ್ಸ್‌ನಲ್ಲಿ ನೋಡಿ, ಅದಕ್ಕೆ ಈ ಮಿತಿ ಇಲ್ಲ. ಬಿಗ್‌ಕ್ವೆರಿಗೂ (ಗೂಗಲ್‌ನ ಡೇಟಾ ಗೋದಾಮು) ಲಿಂಕ್ ಮಾಡಿಬಿಡಿ, ಲಿಂಕ್ ಮಾಡಿದ ದಿನದಿಂದ ಮಾತ್ರ ಡೇಟಾ ಹೋಗೋದು, ಅದಕ್ಕೇ ತಡ ಬೇಡ. ಸ್ಯಾಂಡ್‌ಬಾಕ್ಸ್‌ನಲ್ಲೇ (ಅದರ ಬಿಲ್ಲಿಂಗ್ ಇಲ್ಲದ ಪುಕ್ಕಟೆ ರೂಪ) ಬಿಟ್ರೆ ಟೇಬಲ್‌ಗಳು 60 ದಿನಕ್ಕೆ ಹೋಗ್ತವೆ, ಬಿಲ್ಲಿಂಗ್ ಆನ್ ಮಾಡಿ.

ವಾಪಸ್ ಬಂದ ಪಾರ್ಸಲ್‌ಗೆ ಅದೇ ಟ್ರಾನ್ಸಾಕ್ಷನ್ ಐಡಿ ಹಾಕಿ ರೀಫಂಡ್ ಇವೆಂಟ್ ಕಳಿಸಬೇಕು, ಒಟ್ಟು ಆದಾಯದಿಂದ ಕಳೆಯುತ್ತೆ.